ಈ ಲಾರಿ ಎಲ್ಲಿ ಬಗ್ಗುತ್ತದೆ?

ರವಿವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜು ನನ್ನ ಕೈಗೆ ಸಿಗುವುದಿಲ್ಲ. ಮಗನೂ ಅವನ ನಾಲ್ವರು ಗೆಳೆಯರೂ ಅದರ ಸುತ್ತ ಕುಳಿತು, ಹತ್ತು ಮುಖದ ದಾಳ ಉರುಳಿಸುತ್ತಾ 2045ನೇ ಇಸವಿಯಲ್ಲಿ ಬದುಕುತ್ತಿರುತ್ತಾರೆ. ಆಟದ ಹೆಸರು ‘ಸೈಬರ್‌ಪಂಕ್ ರೆಡ್’. ನಿಮ್ಮಲ್ಲಿ ಕೆಲವರು ಆಡಿರಬಹುದು. ಆಡದವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ಇದು ದಾಳ ಹಾಕಿ ಆಡುವ ತಾಳಮದ್ದಳೆ. ವೇಷವಿಲ್ಲ, ರಂಗಸ್ಥಳವಿಲ್ಲ. ಒಬ್ಬೊಬ್ಬನಿಗೂ ಒಂದು ಪಾತ್ರ, ಮಾತು ಅವನವನದೇ. ಭಾಗವತರ ಜಾಗದಲ್ಲಿ ಕುಳಿತವನೊಬ್ಬ ಕಥೆ ಮುಂದೆ ನಡೆಸುತ್ತಾನೆ. ಮೈಕ್ ಪಾಂಡ್‌ಸ್ಮಿತ್ ಎಂಬ ಅಮೆರಿಕನ್ನರು ರಚಿಸಿದ ಈ ಆಟದ ಮೊದಲ ಆವೃತ್ತಿ 1988ರಲ್ಲಿ ಬಂದಾಗ ಅದರ ಕಥೆ ನಡೆಯುತ್ತಿದ್ದುದು 2013ರಲ್ಲಿ. 2013 ಬಂತು, ಹೋಯಿತು, ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಉಕ್ಕಿನ ತೋಳು ಬರಲಿಲ್ಲ. 2020ರಲ್ಲಿ ಬಂದ ‘ರೆಡ್’ ಆವೃತ್ತಿ ಭವಿಷ್ಯವನ್ನು 2045ಕ್ಕೆ ಮುಂದೂಡಿದೆ.

ಈ ಆಟದಲ್ಲಿ ಒಂದು ನಗರದಿಂದ ಇನ್ನೊಂದಕ್ಕೆ ಸರಕು ಸಾಗಿಸುವವರು ಅಲೆಮಾರಿ ಕುಟುಂಬಗಳು. ಹುಡುಗರು ಅಂಥದೊಂದು ಕುಟುಂಬವಾಗಿ, ತಮ್ಮ ಮಹಾಲಾರಿಯನ್ನು ಚೌಕುಳಿ ಕಾಗದದ ಮೇಲೆ ಬರೆದಿದ್ದರು. ಉದ್ದಕ್ಕೆ ಒಂದೇ ಪೆಟ್ಟಿಗೆ, ಅಡಿಯಲ್ಲಿ ಸಾಲಾಗಿ ಚಕ್ರಗಳು, ಮೇಲೆ ಎರಡು ಬಂದೂಕು. ಗೋಳಿಬಜೆಯ ತಟ್ಟೆ ಇಡುತ್ತಾ ನಾನು ಕೇಳಿದೆ, “ಇದು ಎಲ್ಲಿ ಬಗ್ಗುತ್ತದೆ?”

“ಬಗ್ಗೋದಿಲ್ಲ ಆಂಟಿ, ಕವಚ ಇದೆ!” ಎಂದ ಒಬ್ಬ.

ಅವನ ಉತ್ತರಕ್ಕೆ ನಗು ಬಂತು. ಆದರೆ ಅದೇ ಹುಡುಗ ದಿನಾ ಸ್ಕೂಟರಿನಲ್ಲಿ ಘೋಡ್‌ಬಂದರ್ ರೋಡಿನ ಮೇಲೆ ಕಾಲೇಜಿಗೆ ಹೋಗುವವನು. ಅವನ ಪಕ್ಕದಲ್ಲೇ ನಿಜವಾದ ಮಹಾಲಾರಿಗಳು ಓಡುತ್ತವೆ, ಅವು ಬಗ್ಗುತ್ತವೆ. ಅದಕ್ಕೇ ಈ ಲೇಖನ.

ನನಗೂ ಲಾರಿಗೂ ಏನು ಸಂಬಂಧ ಎನ್ನುವಿರಾದರೆ, ನಮ್ಮ ಯಜಮಾನರು ಇಷ್ಟು ವರ್ಷ ಹಡಗಿನ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ದುಡಿದವರು. ಬೇರೆ ಮನೆಗಳಲ್ಲಿ ಊಟದ ಹೊತ್ತಿಗೆ ರಾಜಕೀಯ ಬರುತ್ತದೆ, ನಮ್ಮಲ್ಲಿ ಕಂಟೇನರ್ ಬರುತ್ತಿತ್ತು. ಇಂಗ್ಲಿಷ್ ಬಿ.ಎ. ಓದಿದ ನನಗೆ ಶೇಕ್ಸ್‌ಪಿಯರ್ ಅರ್ಧ ಮರೆತಿದೆ. ಟ್ರೈಲರ್ ಮರೆತಿಲ್ಲ.

ನಾವು ಬಾಯಿಮಾತಿನಲ್ಲಿ ‘ಟ್ರೈಲರ್’ ಎನ್ನುವುದು ಒಂದು ಗಾಡಿಯಲ್ಲ, ಎರಡು. ಮುಂದಿನದು ಇಂಜಿನ್ ಮತ್ತು ಕ್ಯಾಬಿನ್ ಇರುವ ಎಳೆಯುವ ಗಾಡಿ. ನಮ್ಮ ಟ್ರಾನ್ಸ್‌ಪೋರ್ಟ್ ಲೈನಿನವರು ಅದನ್ನು ‘ಹಾರ್ಸ್’, ಕುದುರೆ ಎಂದೇ ಕರೆಯುತ್ತಾರೆ. ಹಿಂದಿನದು ಚಕ್ರವಿರುವ ಉದ್ದನೆಯ ಹಾಸು. ಅದಕ್ಕೆ ಇಂಜಿನ್ ಇಲ್ಲ, ಮುಂಭಾಗದಲ್ಲಿ ಚಕ್ರವೂ ಇಲ್ಲ. ಕುದುರೆ ಬಿಚ್ಚಿದಾಗ ಕಬ್ಬಿಣದ ಎರಡು ಕಾಲು ಇಳಿಸಿ ನಿಲ್ಲಿಸಬೇಕು. ಇವೆರಡನ್ನೂ ಸೇರಿಸುವುದು ಒಂದು ಗೂಟ. ಅಜ್ಜಿಮನೆಯಲ್ಲಿ ಬೀಸುವ ಕಲ್ಲು ನೋಡಿದ್ದೀರಾ? ಕೆಳಗಿನ ಕಲ್ಲಿನ ನಡುವೆ ಗೂಟ, ಮೇಲಿನ ಕಲ್ಲಿಗೆ ತೂತು, ಗೂಟದ ಸುತ್ತ ಕಲ್ಲು ತಿರುಗುತ್ತದೆ. ಟ್ರೈಲರಿನಲ್ಲಿ ಇದು ತಲೆಕೆಳಗು. ಗೂಟ ಮೇಲಿನದಕ್ಕೆ, ಅಂದರೆ ಹಿಂದಿನ ಹಾಸಿನ ಅಡಿಗೆ. ಕೆಳಗೆ ಕುದುರೆಯ ಬೆನ್ನಿನ ಮೇಲೆ ಗ್ರೀಸ್ ಬಳಿದ ದಪ್ಪ ತಟ್ಟೆ, ಅದರಲ್ಲಿ ಗೂಟವನ್ನು ಕಚ್ಚಿ ಹಿಡಿಯುವ ದವಡೆ. ಗೂಟಕ್ಕೆ ಕಿಂಗ್ ಪಿನ್ ಎಂದು ಹೆಸರು. ಸಾಮಾನ್ಯವಾದದ್ದರ ದಪ್ಪ ಬರೇ ಎರಡು ಇಂಚು. ತಟ್ಟೆಗೆ ‘ಫಿಫ್ತ್ ವೀಲ್’, ಐದನೆಯ ಚಕ್ರ ಎನ್ನುತ್ತಾರೆ. ಸಾರೋಟಿನ ಕಾಲದಲ್ಲಿ ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿ ಮಲಗಿಸುತ್ತಿದ್ದ ಬಳೆಯ ಹೆಸರು ಅದು. ಕುದುರೆ ಹೋದರೂ ಹೆಸರು ಹೋಗಲಿಲ್ಲ.

ಗೂಟದ ಜೊತೆಗೆ ಕ್ಯಾಬಿನ್ನಿನ ಹಿಂದಿನಿಂದ ಗಾಳಿಯ ಎರಡು ಪೈಪು, ದೀಪಗಳ ಒಂದು ಕೇಬಲ್ ಟ್ರೈಲರಿಗೆ ಹೋಗುತ್ತವೆ. ಗಾಳಿಯ ಒತ್ತಡದಿಂದ ಬ್ರೇಕ್ ಕೆಲಸ ಮಾಡುತ್ತದೆ. ಪೈಪು ಕಿತ್ತುಹೋದರೆ ಟ್ರೈಲರಿನ ಬ್ರೇಕು ಬಿಟ್ಟುಹೋಗುವುದಿಲ್ಲ, ತಾನಾಗಿ ಹಿಡಿದುಕೊಳ್ಳುತ್ತದೆ. ಹಾಗೆಂದೇ ಮಾಡಿದ್ದಾರೆ. (ಆಟದಲ್ಲಿ ಶತ್ರುವಿನ ಲಾರಿ ನಿಲ್ಲಿಸಲು ಬಂದೂಕು ಬೇಡ, ಅಡಿಗೆಮನೆಯ ಚಾಕು ಸಾಕು ಎಂದು ನಾನು ಹೇಳಿಕೊಟ್ಟಿದ್ದೇನೆ.) ಘಾಟಿ ಇಳಿಯುವಾಗ ಬ್ರೇಕ್ ಫೇಲ್ ಆಯಿತು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದರಲ್ಲಿ ಹೆಚ್ಚಿನವು ಬಿಸಿಯ ಕಥೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸಿದರೆ ಇಂಜಿನ್ ತಡೆಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಸತತ ಒತ್ತಿ ಹಿಡಿದರೆ ಡ್ರಮ್ ಕಾದು ಕೆಂಪಾಗಿ ಹಿಡಿತವೇ ಹೋಗುತ್ತದೆ.

ಭಾರ ಎಷ್ಟು? 2018ರಲ್ಲಿ ಕೇಂದ್ರ ಸರಕಾರ ಅಚ್ಚುಗಳ ಮೇಲಿನ ಭಾರದ ಮಿತಿ ಏರಿಸಿತು. ಮುಂದಿನ ಅಚ್ಚಿಗೆ 7 ಟನ್, ಕುದುರೆಯ ಹಿಂದಿನ ಜೋಡಿ ಅಚ್ಚಿಗೆ 21, ಟ್ರೈಲರಿನ ಮೂರು ಅಚ್ಚಿಗೆ 27. ಕೂಡಿಸಿ ನೋಡಿ, 55 ಟನ್. ಚಕ್ರ ಎಣಿಸಿದರೆ ಎರಡು, ಎಂಟು, ಹನ್ನೆರಡು, ಒಟ್ಟು 22. ಮುಂದಿನ ಸಲ ಸಿಗ್ನಲ್ಲಿನಲ್ಲಿ ನಿಂತಾಗ ಎಣಿಸಿ.

ಅದರ ಮೇಲಿನ ಪೆಟ್ಟಿಗೆಗೂ ಒಂದು ಕಥೆಯಿದೆ. ಹಿಂದೆ ಹಡಗಿನ ಮಾಲನ್ನು ಚೀಲ ಚೀಲವಾಗಿ ಹಮಾಲರು ಹೊತ್ತಿಳಿಸುತ್ತಿದ್ದರು. ಅಮೆರಿಕದ ಲಾರಿ ಮಾಲಕ ಮಾಲ್ಕಂ ಮೆಕ್ಲೀನ್‌ಗೆ, ಲಾರಿಯ ಪೆಟ್ಟಿಗೆಯನ್ನೇ ಚಕ್ರದಿಂದ ಬೇರ್ಪಡಿಸಿ ಹಡಗಿಗೇರಿಸಿದರೆ ಹೇಗೆ ಅನ್ನಿಸಿತು. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆ ಹೊತ್ತು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಇಂದಿನ ಕಂಟೇನರ್ ಹೆಚ್ಚಾಗಿ 20 ಅಡಿ ಇಲ್ಲವೇ 40 ಅಡಿ ಉದ್ದ, 8 ಅಡಿ ಅಗಲ. ಲೋಕದ ಯಾವ ಬಂದರಿನಲ್ಲೂ ಅದೇ ಅಳತೆ, ನಾಲ್ಕು ಮೂಲೆಯಲ್ಲಿ ಅದೇ ತೂತು. ಟ್ರೈಲರಿನ ಮೇಲೆ ಆ ತೂತುಗಳಿಗೆ ಟ್ವಿಸ್ಟ್ ಲಾಕ್ ಹಾಕಿ ತಿರುಗಿಸಬೇಕು. ತಿರುಗಿಸದೆ ಹೊರಟರೆ ತಿರುವಿನಲ್ಲಿ ಪೆಟ್ಟಿಗೆ ಮಾತ್ರ ಕಳಚಿ ಬೀಳುತ್ತದೆ. ಅದರ ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಅವರವರ ಅದೃಷ್ಟ.

ನಮ್ಮ ಮುಂಬಯಿಯ ಖಾಡಿಯಾಚೆ ಉರಣ್ ತಾಲೂಕಿನ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಶುರುವಾದದ್ದು 1989ರ ಮೇ 26ರಂದು. ಅಲ್ಲಿಂದ ಗುಜರಾತಿಗೆ ಹೋಗುವ ಪೆಟ್ಟಿಗೆಗಳಲ್ಲಿ ಬಹುಪಾಲು ಕಳಂಬೋಲಿ, ಮುಂಬ್ರಾ ಬೈಪಾಸ್, ಠಾಣೆ ದಾಟಿ ನಮ್ಮ ಘೋಡ್‌ಬಂದರ್ ರೋಡಿನ ಮೂಲಕ ಅಹಮದಾಬಾದ್ ಹೈವೇ ಸೇರುತ್ತವೆ. ದಟ್ಟಣೆಯ ಹೊತ್ತಿನಲ್ಲಿ ದೊಡ್ಡ ಗಾಡಿಗಳಿಗೆ ತಡೆಯಿರುವುದರಿಂದ ರಾತ್ರಿ ನಮ್ಮ ಕಿಟಕಿಯ ಕೆಳಗೆ ಅವುಗಳದೇ ಸಾಲು. ಬಯ್ಯುವುದು ಸುಲಭ, ನಾವೆಲ್ಲ ಬಯ್ಯುತ್ತೇವೆ. ಆದರೆ ನಿಮ್ಮ ಫೋನು, ನನ್ನ ಮಿಕ್ಸರಿನ ಮೋಟಾರು ಇಂಥದೊಂದು ಪೆಟ್ಟಿಗೆಯಲ್ಲೇ ಎಲ್ಲಿಂದಲೋ ಬಂದಿರುತ್ತವೆ.

ಆಟದಲ್ಲಿ ಲಾರಿ ಓಡಿಸುವವನಿಗೆ ಹೆಸರಿದೆ, ಕುಲವಿದೆ, ಹಗೆಯಿದೆ. ನಿಜದ ಡ್ರೈವರನಿಗೆ ತನ್ನ ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಎಷ್ಟೋ ಸಲ ಗೊತ್ತಿರುವುದಿಲ್ಲ. ಬಾಗಿಲಿಗೆ ಸೀಲ್ ಹಾಕಿದೆ, ಸೀಲಿನ ನಂಬರು ಕಾಗದದೊಂದಿಗೆ ತಾಳೆಯಾಗಬೇಕು, ಅಷ್ಟೇ. ಬಂದರಿನ ಗೇಟು ದಾಟಲು ‘ಫಾರ್ಮ್ ಥರ್ಟೀನ್’ ಬೇಕು. ಅದು ಬರುವ ತನಕ ರಸ್ತೆಯ ಅಂಚೇ ಮನೆ, ಟ್ರೈಲರಿನ ಅಡಿಯ ನೆರಳೇ ಅಡಿಗೆಮನೆ. ನಮ್ಮವರು ಹೇಳುತ್ತಿದ್ದರು, ಡ್ರೈವರುಗಳು ಬೇಳೆ ಬೇಯಿಸುವ ವಾಸನೆ ಬಂದರೆ ಸಾಲು ಇನ್ನೆರಡು ತಾಸು ಕದಲುವುದಿಲ್ಲ ಎಂದು ಲೆಕ್ಕ. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂಬ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಹಾಕಿತ್ತು. ಪಾಲಿಸುತ್ತಾರೆಯೇ ಎಂದು ಯಾವ ಡ್ರೈವರನನ್ನಾದರೂ ಕೇಳಿ ನೋಡಿ. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾದದ್ದು 2025ರಲ್ಲಿ. ಹಣ್ಣು, ಔಷಧಿಯ ಪೆಟ್ಟಿಗೆಗೆ ತಂಪು ಎಷ್ಟೋ ಮೊದಲೇ ಸಿಕ್ಕಿತ್ತು, ಮನುಷ್ಯನಿಗೆ ಆಮೇಲೆ.

ಇನ್ನು ಆಟದ ಪುಸ್ತಕವನ್ನೂ ಮೀರಿಸುವ ಲಾರಿಯೊಂದರ ಸಂಗತಿ. 2019ರ ಜುಲೈಯಲ್ಲಿ ನಮ್ಮ ಮಹಾರಾಷ್ಟ್ರದಿಂದ 74 ಚಕ್ರದ ಗಾಡಿಯೊಂದು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರಕ್ಕೆ ಹೊರಟಿತು. ಮೇಲೆ ಸುಮಾರು 70 ಟನ್ನಿನ ಆಟೋಕ್ಲೇವ್. ನಮ್ಮ ಪ್ರೆಷರ್ ಕುಕ್ಕರಿನ ಅಣ್ಣ ಎನ್ನಿ, ರಾಕೆಟಿನ ಹಗುರ ಭಾಗಗಳನ್ನು ಬಿಸಿ ಮತ್ತು ಒತ್ತಡದಲ್ಲಿ ಗಟ್ಟಿ ಮಾಡುವ ಉಪಕರಣ. ದೂರ ಸುಮಾರು 1700 ಕಿ.ಮೀ. ತಲಪಿದ್ದು 2020ರ ಜುಲೈಯಲ್ಲಿ, ಒಂದು ವರ್ಷದ ಮೇಲೆ! ಜೊತೆಗೆ ಸುಮಾರು ಮೂವತ್ತು ಮಂದಿ. ದಾರಿಯುದ್ದಕ್ಕೂ ವಿದ್ಯುತ್ ತಂತಿ ಎತ್ತಬೇಕು, ಮರದ ಕೊಂಬೆ ಕಡಿಯಬೇಕು, ರಸ್ತೆ ಗಟ್ಟಿ ಮಾಡಬೇಕು. ನಡುವೆ ಕೊರೋನಾದ ಲಾಕ್‌ಡೌನ್ ಬೇರೆ. ಇಂಥ ಗಾಡಿಯಲ್ಲಿ ಗೂಟ ಒಂದೇ ಸಾಲದು. ಹಿಂದಿನ ಚಕ್ರಗಳ ಸಾಲುಗಳೂ ಒಂದೊಂದಾಗಿ ತಿರುಗುವಂತೆ ಮಾಡಿರುತ್ತಾರೆ. ರಾಕೆಟಿಗೆ ಬೇಕಾದ ಸಾಮಾನು ಬಸವನ ಹುಳುವಿನ ವೇಗದಲ್ಲಿ ಹೋಗಬೇಕಾಯಿತು. ಭವಿಷ್ಯಕಾಲದ ಕಥೆ ಬರೆಯುವವರಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನನಗೆ ಸಣ್ಣ ತೃಪ್ತಿ.

ಊರಿನ ಕಡೆಯವರಿಗೆ ಇನ್ನೊಂದು ವಿಷಯ. ನೀವು ಕೊಂಕಣ ರೈಲಿನಲ್ಲಿ ಹೋಗುವಾಗ ಎದುರಿನಿಂದ ಲಾರಿಗಳನ್ನು ಹೊತ್ತ ಗೂಡ್ಸ್ ರೈಲು ಬರುವುದನ್ನು ನೋಡಿರುತ್ತೀರಿ. ಆ ‘ರೋ ರೋ’ ಸೇವೆ 1999ರ ಜನವರಿಯಲ್ಲಿ ಕೋಲಾಡ್‌ನಿಂದ ಗೋವೆಯ ವೆರ್ಣಾಕ್ಕೆ ಶುರುವಾಗಿ ಆಮೇಲೆ ನಮ್ಮ ಸುರತ್ಕಲ್ ತನಕ ಬಂತು. ಡ್ರೈವರು, ಕ್ಲೀನರು ತಮ್ಮ ಲಾರಿಯಲ್ಲೇ ಕಾಲು ಚಾಚಿ ಊರಿನ ಹೊಳೆಗಳನ್ನು ನೋಡುತ್ತಾ ಹೋಗುತ್ತಾರೆ. ಅವರ ಬಾಳಿನಲ್ಲಿ ಬೇರೆಯವರು ಓಡಿಸುವ ಅಪರೂಪದ ರಾತ್ರಿ ಅದು.

ಡ್ರೈವರನೇ ಬೇಡ ಎನ್ನುವ ಕಾಲವೂ ಬರುತ್ತಿದೆ. 2025ರ ಮೇ ಹೊತ್ತಿಗೆ ಅಮೆರಿಕದ ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ, ಮೆಕ್ಲೀನನ ಪೆಟ್ಟಿಗೆಗಳು ಇಳಿದ ಅದೇ ಹ್ಯೂಸ್ಟನ್, ಒಂದು ಕಂಪನಿ ಚಾಲಕನಿಲ್ಲದ ಟ್ರೈಲರ್ ಓಡಿಸಿತು. ಕೆಲವೇ ವಾರಗಳಲ್ಲಿ ಲಾರಿ ತಯಾರಿಸಿದವರ ಕೋರಿಕೆಯಂತೆ ಒಬ್ಬ ಮನುಷ್ಯನನ್ನು ಮತ್ತೆ ಸೀಟಿನಲ್ಲಿ ಕೂರಿಸಿದರು. ಅವನು ಓಡಿಸುವುದಿಲ್ಲ, ನೋಡುತ್ತಿರುತ್ತಾನೆ. ನಮ್ಮ ಕಾಪುರ್‌ಬಾವಡಿ ನಾಕಾದ ರಿಕ್ಷಾಗಳ ನಡುವೆ ಆ ಕಂಪ್ಯೂಟರು ಏನು ಮಾಡೀತು ಎಂದು ನೋಡುವ ಆಸೆ ನನಗಿದೆ.

ಸದ್ಯಕ್ಕಂತೂ ಕ್ಯಾಬಿನ್ನಿನಲ್ಲಿ ನಿದ್ದೆಗೆಟ್ಟ ಮನುಷ್ಯನೇ ಇದ್ದಾನೆ, ಅವನಿಗೆ ಎಲ್ಲವೂ ಕಾಣುವುದಿಲ್ಲ. ಇಲ್ಲಿಂದ ಸ್ವಲ್ಪ ಗಮನವಿಟ್ಟು ಓದಿ.

ಚಿಕ್ಕ ಮಗು ದಾರ ಕಟ್ಟಿದ ಆಟದ ಬಂಡಿಯನ್ನು ಎಳೆಯುತ್ತಾ ಮೇಜಿನ ಕಾಲನ್ನು ಸುತ್ತುವುದನ್ನು ನೋಡಿ. ಮಗು ದೂರದಿಂದ ಸುತ್ತಿ ಹೋಗುತ್ತದೆ, ಬಂಡಿ ಒಳಗೆ ಕೊಯ್ದು ಮೇಜಿನ ಕಾಲಿಗೆ ಬಡಿಯುತ್ತದೆ. ಟ್ರೈಲರೂ ಹಾಗೇ. ಕುದುರೆ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಬಹಳಷ್ಟು ಒಳಗಿನಿಂದ ಹೋಗುತ್ತದೆ. ಆದ್ದರಿಂದ ಎಡಕ್ಕೆ ತಿರುಗಬೇಕಾದ ಡ್ರೈವರು ಮೊದಲು ಗಾಡಿಯನ್ನು ಬಲಕ್ಕೆ ಎಳೆಯುತ್ತಾನೆ. ಆಗ ಅವನ ಎಡಗಡೆ ಅಗಲವಾದ ಜಾಗ ತೆರೆದುಕೊಳ್ಳುತ್ತದೆ. ಸ್ಕೂಟರಿನವರಿಗೆ ಅದು ಆಹ್ವಾನದಂತೆ ಕಾಣುತ್ತದೆ. ನುಗ್ಗುತ್ತಾರೆ. ಆಮೇಲೆ ಲಾರಿ ಎಡಕ್ಕೆ ತಿರುಗುತ್ತದೆ, ಜಾಗ ಕತ್ತರಿಯಂತೆ ಮುಚ್ಚಿಕೊಳ್ಳುತ್ತದೆ, ಒಂದು ಕಡೆ ಫುಟ್‌ಪಾತಿನ ಕಲ್ಲು, ಇನ್ನೊಂದು ಕಡೆ ಹನ್ನೆರಡು ಚಕ್ರ.

ಡ್ರೈವರು ಬಲಗಡೆ ಎತ್ತರದಲ್ಲಿ ಕುಳಿತಿರುತ್ತಾನೆ. ಕ್ಯಾಬಿನ್ನಿನ ಎಡಕ್ಕೆ ಅಂಟಿಕೊಂಡವರೂ ಮೂತಿಯ ಮುಂದೆಯೇ ನಿಂತವರೂ ಅವನಿಗೆ ಕಾಣುವುದಿಲ್ಲ. ಕುದುರೆ ತಿರುಗಿದಾಗ ಕನ್ನಡಿಯೂ ಅದರ ಜೊತೆ ತಿರುಗುತ್ತದೆ. ಎಡಗನ್ನಡಿಯಲ್ಲಿ ಟ್ರೈಲರಿನ ಗೋಡೆಯೇ ತುಂಬುತ್ತದೆ, ಬಲಗನ್ನಡಿ ಬೇರೆಲ್ಲೋ ನೋಡುತ್ತದೆ. ನಮ್ಮ ಪಕ್ಕದ ಸೊಸೈಟಿಯ ಹುಡುಗನೊಬ್ಬ ಹೀಗೇ ಸಿಕ್ಕಿಕೊಂಡ. ಸ್ಕೂಟರ್ ಬಿಟ್ಟು ಹಾರಿದ್ದರಿಂದ ಜೀವ ಉಳಿಯಿತು. ಸ್ಕೂಟರ್ ಚಪಾತಿಯಾಯಿತು, ಕಾಲಿನಲ್ಲಿ ಈಗಲೂ ಸರಳಿದೆ. ಡ್ರೈವರನಿಗೆ ಏನಾಯಿತೆಂದು ತಿಳಿದದ್ದು ಜನ ಕೂಗಿದ ಮೇಲೆ. ಆಸ್ಪತ್ರೆಗೆ ಹುಡುಗನ ತಾಯಿಯ ಜೊತೆ ಹೋದವಳು ನಾನು. ಆ ರಾತ್ರಿ ಆಕೆ ಒಂದೇ ಮಾತು ಕೇಳುತ್ತಿದ್ದಳು, “ಅಷ್ಟು ದೊಡ್ಡ ಗಾಡಿಯವನಿಗೆ ನನ್ನ ಮಗ ಕಾಣಲಿಲ್ಲವೇ ಅಕ್ಕ?”

ಕಾಣುವುದಿಲ್ಲ. ಆದ್ದರಿಂದ ನಾಕಾದಲ್ಲಿ ಟ್ರೈಲರ್ ಬಲಕ್ಕೆ ವಾಲಿದರೆ ಅದರ ಎಡಕ್ಕೆ ಹೋಗಬೇಡಿ, ಹಿಂದೆ ನಿಲ್ಲಿ. ಅವನ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣುವಷ್ಟು ಹಿಂದೆ. ಹಾದುಹೋಗುವುದಾದರೆ ಬಲಗಡೆಯಿಂದ, ನೇರ ರಸ್ತೆಯಲ್ಲಿ, ಬೇಗ. ಪಕ್ಕದಲ್ಲೇ ಜೊತೆಯಾಗಿ ಓಡಿಸುತ್ತಾ ಇರಬೇಡಿ. ಗಾಯ್‌ಮುಖ್ ಘಾಟಿಯ ಏರಿನಲ್ಲಿ ಅದರ ಬೆನ್ನಿಗೆ ಅಂಟಿ ನಿಲ್ಲಬೇಡಿ, ಹಿಂದಕ್ಕೆ ಸರಿದೀತು. ಮಳೆಗಾಲದಲ್ಲಿ ಖಾಲಿ ಟ್ರೈಲರಿನಿಂದ ಇನ್ನೂ ದೂರವಿರಿ. ಮೇಲೆ ಭಾರವಿಲ್ಲದಾಗ ಹಿಂದಿನ ಚಕ್ರಗಳು ಒದ್ದೆ ರಸ್ತೆಯಲ್ಲಿ ಜಾರಿ, ಇಡೀ ಹಾಸು ಗೂಟದ ಸುತ್ತ ಬಾಗಿಲಿನಂತೆ ಬೀಸಿ ಬರುತ್ತದೆ.

ರಾತ್ರಿ ಹೈವೇಯಲ್ಲಿ ಕೆಟ್ಟು ನಿಂತ ಟ್ರೈಲರಿನ ಹಿಂದೀಪ ಉರಿಯದೆ ಇರಬಹುದು. ಕ್ಲೀನರು ಆಗ ಪಕ್ಕದ ಪೊದೆಯಿಂದ ಹಸಿರು ಕೊಂಬೆ ಮುರಿದು, ನಾಲ್ಕು ಕಲ್ಲು ಆರಿಸಿ, ಗಾಡಿಯ ಹಿಂದೆ ಸ್ವಲ್ಪ ದೂರದಲ್ಲಿ ರಸ್ತೆಯ ಮೇಲಿಡುತ್ತಾನೆ. ನಿಮ್ಮ ಹೆಡ್‌ಲೈಟಿನಲ್ಲಿ ಹಾಗೆ ಕೊಂಬೆ ಕಂಡರೆ ಗಾಳಿಗೆ ಬಿದ್ದದ್ದೆಂದು ಪಕ್ಕಕ್ಕೆ ಹೊರಳಿಸಿ ಹೋಗಬೇಡಿ. ವೇಗ ಇಳಿಸಿ. ಮುಂದೆ ಕತ್ತಲಲ್ಲಿ ನಲವತ್ತು ಅಡಿಯ ಪೆಟ್ಟಿಗೆ ನಿಂತಿರುತ್ತದೆ.