ಕಾರ್ಕಳದ ಕಾಡಿಗೆ ಹುಡುಗರು ಹೋದದ್ದು ಯಾಕೆ?

ಯುರೋಪಿನ ಹುಡುಗರನ್ನ ಐಸಿಸ್ ಮೊಬೈಲ್ ಮೂಲಕ ಸೆಳೆದ ಕಥೆ ನೀವು ಕೇಳಿರ್ತೀರಿ. ನಮ್ಮ ಕಾರ್ಕಳ, ಹೆಬ್ರಿ ಕಡೆ ಸ್ಮಾರ್ಟ್‌ಫೋನ್ ಬರುವ ಮೊದಲೇ ನಕ್ಸಲರು ನಡೆದುಕೊಂಡೇ ಮನೆಬಾಗಿಲಿಗೆ ಬಂದಿದ್ರು.

ಅವರಿಗೆ ದಾರಿ ಮಾಡಿಕೊಟ್ಟದ್ದು ಮಾವೋ ಪುಸ್ತಕ ಅಲ್ಲ, ಎತ್ತಂಗಡಿಯ ಭಯ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯ್ತು. ಕಾಡೊಳಗಿನ ಮಲೆಕುಡಿಯರಿಗೆ, ‘ನಾಳೆ ನಮ್ಮ ಮನೆ ಇರ್ತದಾ?’ ಅನ್ನೋ ಚಿಂತೆ. ಆ ಹೊತ್ತಿಗೆ ‘ನಿಮ್ಮ ಜೊತೆ ನಾವಿದ್ದೇವೆ’ ಅಂದವರ ಕೈಯಲ್ಲಿ ಕೋವಿಯೂ ಇತ್ತು. ಸಿದ್ಧಾಂತ ಆಮೇಲೆ ಬಂತು.

2003ರ ನವೆಂಬರ್ 17ರಂದು ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಬಲಿಯಾದರು. 2024ರ ನವೆಂಬರ್ 18ರಂದು ಕಬ್ಬಿನಾಲೆಯಲ್ಲಿ ವಿಕ್ರಂ ಗೌಡ. ಹೊರಗಿನವನಲ್ಲ, ಹೆಬ್ರಿ ಕಡೆಯವನೇ.

2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಆಗಲೂ ಅವರ ಬೇಡಿಕೆಗಳಲ್ಲಿ ಕಾಡಿನವರ ಭೂಮಿಯ ಪ್ರಶ್ನೆ ಇತ್ತು.