ಮಧ್ಯಾಹ್ನ ನಿಲ್ಲುವ ಡಿಕ್ಕಿ ನಸುಕಿನಲ್ಲಿ ಬೀಳುತ್ತದೆ

ಕೊರ್ಲಹಳ್ಳಿಯಲ್ಲಿ ತುಂಗಭದ್ರೆಯ ಸೇತುವೆ ದಾಟಿ ಹೂವಿನಹಡಗಲಿ ಕಡೆಗೆ ಹೋಗುವ, ಇತ್ತ ಮುಂಡರಗಿಯ ಮೇಲೆ ಹಾದು ಗದಗ ಸೇರುವ ಹಳೆಯ ಮಾರುತಿ ಓಮ್ನಿಗಳ ಡಿಕ್ಕಿಯಲ್ಲಿ ಇಣುಕಿ ನೋಡಿ. ಜಾಕ್, ಪಾನಾ, ಗೋಣಿಚೀಲಗಳ ನಡುವೆ ಎರಡು ಮೊಳದ ಒಂದು ಕೋಲು ಸಿಕ್ಕರೆ ಆ ಗಾಡಿಯ ಡಿಕ್ಕಿ ಶಾಕ್, ಅಂದರೆ ಹಿಂಬಾಗಿಲನ್ನು ಎತ್ತಿಹಿಡಿಯುವ ಕರಿ ಕೊಳವೆ, ಸತ್ತಿದೆ ಎಂದೇ ಲೆಕ್ಕ. ಬೇವಿನ ಟೊಂಗೆ, ಪೈಪಿನ ತುಂಡು, ಸಲಿಕೆಯ ಕಾವು, ಏನು ಕೈಗೆ ಸಿಕ್ಕಿತೋ ಅದು. ಶಾಕ್ ಹೋಯಿತೆಂದು ಹೇಳಿದರೆ ಗ್ಯಾರೇಜಿನಲ್ಲೂ ಬರುವ ಉತ್ತರ ಇಷ್ಟೇ: “ಒಂದ್ ಕೋಲ್ ಇಟ್ಕೊಳ್ರೀ, ನಡೀತೈತಿ.”

ಕೋಲು ಇಟ್ಟುಕೊಂಡವನಿಗೆ ಬಾಗಿಲು ಬೀಳುತ್ತದೆಂದು ಗೊತ್ತಿರುತ್ತದೆ, ಅವನು ಹುಷಾರಾಗಿರುತ್ತಾನೆ. ನನಗೆ ಭಯ ಹುಟ್ಟಿಸುವುದು ಇನ್ನೊಂದು ಬಗೆಯ ಗಾಡಿ. ಶಾಕ್ ಅರ್ಧ ಸತ್ತಿದೆ, ಬಾಗಿಲು ಮೇಲೆತ್ತಿದರೆ ಇನ್ನೂ ನಿಲ್ಲುತ್ತದೆ, ಆದ್ದರಿಂದ ಕೋಲು ಇನ್ನೂ ಬಂದಿಲ್ಲ. ಪೆಟ್ಟು ಬೀಳುವುದು ಇಂಥ ಗಾಡಿಯ ಕೆಳಗೆ.

ಈ ಶಾಕ್ ಎಲ್ಲೆಡೆ ಇರುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಕಾರುಗಳ ಬಾನೆಟ್ ನಿಲ್ಲುವುದು ಒಂದು ಕಬ್ಬಿಣದ ಕಡ್ಡಿಯ ಮೇಲೆ. ದುಬಾರಿ ಗಾಡಿಗಳಲ್ಲಿ ಮಾತ್ರ ಬಾನೆಟ್ಟಿಗೂ ಶಾಕ್ ಇರುತ್ತದೆ. ಓಮ್ನಿಗಂತೂ ಆ ಮಾತೇ ಇಲ್ಲ, ಅದರ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಆದರೆ ಮೇಲಕ್ಕೆ ತೆರೆಯುವ ಹಿಂಬಾಗಿಲು ಇರುವ ಗಾಡಿಗಳಲ್ಲೆಲ್ಲ ಸಾಮಾನ್ಯವಾಗಿ ಈ ಕರಿ ಕೊಳವೆಗಳು ಇದ್ದೇ ಇರುತ್ತವೆ. ಮೇಲೆ ಹೇಳಿದ ಕೋಲಿನ ಸಂಸಾರವೆಲ್ಲ ಅಲ್ಲಿಯದು.

ಕೊಳವೆಯೊಳಗೆ ಇರುವುದು ನೈಟ್ರೋಜನ್ ಅನಿಲ ಮತ್ತು ಒಂದಿಷ್ಟು ಎಣ್ಣೆ. ಹೊರಗೆ ಕಾಣುವ ಹೊಳೆಯುವ ಕಡ್ಡಿಯನ್ನು ಒಳಗಿನ ಒತ್ತಡ ಸದಾ ಹೊರಕ್ಕೆ ನೂಕುತ್ತಿರುತ್ತದೆ. ಎಷ್ಟು ಒತ್ತಡ? ಕಡ್ಡಿಯ ದಪ್ಪ 8 ಮಿಲಿಮೀಟರ್, ಕೊಳವೆಯ ಮೇಲೆ ಬರೆದ ಬಲ 400 ನ್ಯೂಟನ್ ಎಂದು ಹಿಡಿಯಿರಿ. ಆ ಕಡ್ಡಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 50 ಚದರ ಮಿಲಿಮೀಟರ್. ಭಾಗಿಸಿದರೆ ಒತ್ತಡ 80 ಬಾರ್ ಬರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್‌ನ ಆಚೀಚೆ. ಇಷ್ಟು ಒತ್ತಡವನ್ನು ತಡೆದು ನಿಲ್ಲಿಸಿರುವುದು ಕಡ್ಡಿಯನ್ನು ಸುತ್ತಿದ ಒಂದು ಸಣ್ಣ ರಬ್ಬರ್ ಸೀಲ್.

ಇಷ್ಟು ಬಲ ಯಾಕೆ ಬೇಕು ಎಂಬುದನ್ನೂ ಲೆಕ್ಕ ಹಾಕಬಹುದು. ಒಂದು ಮೀಟರ್ ಉದ್ದದ, 15 ಕಿಲೋ ತೂಕದ ಬಾಗಿಲು ಅಡ್ಡಡ್ಡ ತೆರೆದು ನಿಂತಿದೆ. ಅದರ ಭಾರವೆಲ್ಲ ಹಿಂಜಿನಿಂದ ಅರ್ಧ ಮೀಟರ್ ದೂರದಲ್ಲಿ ಕೆಳಕ್ಕೆ ಎಳೆಯುತ್ತದೆ. ಶಾಕ್ ನೂಕುವುದು ಹಿಂಜಿಗೆ ತೀರಾ ಹತ್ತಿರ, ಸುಮಾರು 12 ಸೆಂಟಿಮೀಟರ್ ಸನ್ನೆಯ ಮೇಲೆ. ಹಾಗಾಗಿ 15 ಕಿಲೋ ಬಾಗಿಲನ್ನು ಎತ್ತಿಹಿಡಿಯಲು ಎರಡೂ ಶಾಕ್ ಸೇರಿ 610 ನ್ಯೂಟನ್ ಕೊಡಬೇಕು. ಅದು 62 ಕಿಲೋ ಭಾರ, ಒಂದು ಡಿಎಪಿ ಚೀಲಕ್ಕಿಂತ ಹೆಚ್ಚು. ಒಂದು ಶಾಕ್ ಪೂರ್ತಿ ಸತ್ತರೆ ಇನ್ನೊಂದರ ಪಾಡು ಏನಾಗುತ್ತದೆ, ಆ ಕಡೆಯ ಹಿಂಜು ಯಾಕೆ ಸೊಟ್ಟಗಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಮುಖ್ಯ ಸಂಗತಿಗೆ ಬರೋಣ. ಅನಿಲ ಸೋರುವುದು ನಿಧಾನ, ವರ್ಷಗಟ್ಟಲೆಯ ವ್ಯವಹಾರ. ಆದರೆ ಬಾಗಿಲು ನಿಧಾನವಾಗಿ ಕೆಡುವುದಿಲ್ಲ. ಪ್ರತಿ ಡಿಕ್ಕಿ ಬಾಗಿಲಿಗೂ ಒಂದು ತಿರುವಿನ ಎತ್ತರ ಇರುತ್ತದೆ. ಅದರ ಮೇಲೆ ಬಾಗಿಲು ತಾನಾಗಿ ಏರುತ್ತದೆ, ಕೆಳಗಾದರೆ ತಾನಾಗಿ ಮುಚ್ಚುತ್ತದೆ. ಬಾಗಿಲು ಕೆಳಗಿಳಿದಂತೆ ಶಾಕಿನ ಸನ್ನೆ ಗಿಡ್ಡವಾಗುತ್ತಾ ಹೋಗಿ, ಕೊನೆಯಲ್ಲಿ ಅದರ ನೂಕುವಿಕೆ ಹಿಂಜಿನ ಮೇಲೇ ಹಾದು ವ್ಯರ್ಥವಾಗುತ್ತದೆ. ಹೊಸ ಗಾಡಿಯಲ್ಲಿ ಈ ತಿರುವು ತೀರಾ ಕೆಳಗಿರುತ್ತದೆ. ಬಾಗಿಲನ್ನು ಗೇಣುದ್ದ ಎತ್ತಿದರೆ ಸಾಕು, ಉಳಿದದ್ದನ್ನು ಶಾಕ್ ನೋಡಿಕೊಳ್ಳುತ್ತದೆ. ಅನಿಲ ಸೋರಿದಂತೆ ಆ ತಿರುವು ಸದ್ದಿಲ್ಲದೆ ಮೇಲೇರುತ್ತದೆ. ಮೊದಲು ಸೊಂಟದ ಮಟ್ಟ, ಆಮೇಲೆ ಎದೆಯ ಮಟ್ಟ, ಕಡೆಗೆ ಪೂರ್ತಿ ತೆರೆದ ಮಟ್ಟ. ಅಲ್ಲಿಗೆ ಮುಟ್ಟುವ ತನಕ ಮಾಲೀಕನಿಗೆ ಬಾಗಿಲು “ನಿಲ್ಲುತ್ತಿದೆ”. ಮುಟ್ಟಿದ ದಿನ ಬೀಳುತ್ತದೆ.

ಆ ದಿನ ಯಾವುದು ಎಂಬುದನ್ನು ನಿರ್ಧರಿಸುವುದು ಹವೆ. ಮುಚ್ಚಿದ ಕೊಳವೆಯಲ್ಲಿ ಅನಿಲದ ಒತ್ತಡ ತಾಪಮಾನದ ಜೊತೆ ಏರಿಳಿಯುತ್ತದೆ. ಲೆಕ್ಕಕ್ಕೆ ಸೆಲ್ಸಿಯಸ್ ಬದಲು ಕೆಲ್ವಿನ್ ಹಿಡಿಯಬೇಕು, ಅಂದರೆ 273 ಕೂಡಿಸಬೇಕು. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಒಳಗಿನ ಲೋಹ 60 ಡಿಗ್ರಿ ಮುಟ್ಟಿದರೆ ಅದು 333 ಕೆಲ್ವಿನ್. ಹೊಳೆದಂಡೆಯಲ್ಲಿ ಡಿಸೆಂಬರಿನ ನಸುಕಿಗೆ 15 ಡಿಗ್ರಿ ಇದ್ದರೆ 288 ಕೆಲ್ವಿನ್. ಸವೆದ ಒಂದು ಜೋಡಿ ಶಾಕ್ ಬಿಸಿಲಲ್ಲಿ 660 ನ್ಯೂಟನ್ ಕೊಡುತ್ತಿದ್ದರೆ ನಸುಕಿನಲ್ಲಿ ಅದೇ ಜೋಡಿ ಕೊಡುವುದು 571. ಬಾಗಿಲಿಗೆ ಬೇಕಾದದ್ದು 610. ಏಪ್ರಿಲ್ ಮಧ್ಯಾಹ್ನ ಗಟ್ಟಿಯಾಗಿ ನಿಂತ ಬಾಗಿಲು ಡಿಸೆಂಬರಿನ ಬೆಳಗಿನ ಜಾವ ನಿಲ್ಲುವಂತಿಲ್ಲ. ಇನ್ನೂ ಮೋಸವೆಂದರೆ, ಒಳಗಿನ ತಿಕ್ಕಾಟ ಅದನ್ನು ಒಂದಷ್ಟು ಹೊತ್ತು ಹಿಡಿದಿರಲೂಬಹುದು. ಚೀಲದ ಮೂಲೆ ತಗುಲಿತೋ, ಗಾಡಿ ಅಲುಗಿತೋ, ಆ ಹಿಡಿತ ಬಿಡುತ್ತದೆ.

ಹಳ್ಳಿಯ ಗಾಡಿಗೆ ಸಾಮಾನು ಹೇರುವುದು ಎಷ್ಟು ಹೊತ್ತಿಗೆ? ಗದಗಿನ ಎಪಿಎಂಸಿಗೆ ಉಳ್ಳಾಗಡ್ಡಿ, ಮೆಣಸಿನಕಾಯಿ ಒಯ್ಯುವವರು ನಸುಕಿನಲ್ಲೇ ಹೊರಡುತ್ತಾರೆ. ಗ್ಯಾರೇಜಿನಲ್ಲಿ ಪರೀಕ್ಷೆ ನಡೆಯುವುದು ಹನ್ನೊಂದು ಗಂಟೆಯ ಬಿಸಿಲಿಗೆ. “ಛಲೋ ಐತ್ರೀ” ಎಂದು ಮೆಕ್ಯಾನಿಕ್ ಹೇಳಿದರೆ ಆ ಹೊತ್ತಿಗೆ ಅದು ಸುಳ್ಳೇನೂ ಅಲ್ಲ.

ಬಿದ್ದರೆ ಎಷ್ಟು ಜೋರು? ಒಂದು ಮೀಟರ್ ಉದ್ದದ ಬಾಗಿಲು ಶಾಕಿನ ಆಸರೆ ಪೂರಾ ತಪ್ಪಿ, ಅಡ್ಡಕ್ಕಿದ್ದದ್ದು 30 ಡಿಗ್ರಿ ಕೆಳಗೆ ಬರುವಷ್ಟರಲ್ಲಿ ಅದರ ಅಂಚು ಸೆಕೆಂಡಿಗೆ 4 ಮೀಟರ್ ಸಮೀಪದ ವೇಗ ಹಿಡಿದಿರುತ್ತದೆ, ಗಂಟೆಗೆ 14 ಕಿಲೋಮೀಟರ್. ಪೂರ್ತಿ ಕೆಳಗೆ ಬಂದರೆ ಗಂಟೆಗೆ ಸುಮಾರು 20. ಶಾಕಿನಲ್ಲಿ ಸ್ವಲ್ಪ ಜೀವ ಇದ್ದರೆ ವೇಗ ಅಷ್ಟು ಕಡಿಮೆ, ನಿಜ. ಆದರೆ ಆ ಅಂಚಿನ ನಟ್ಟನಡುವೆ ಲಾಕಿನ ಉಕ್ಕಿನ ತುಂಡು ಇರುತ್ತದೆ. ಬಗ್ಗಿ ಚೀಲ ಎಳೆಯುವವನ ತಲೆ, ಕತ್ತು ಇರುವುದು ಅದರ ಕೆಳಗೇ.

ಇದು ಬರೀ ಕಾಗದದ ಲೆಕ್ಕವಲ್ಲ. 2015ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಬ್ಯುಯಿಕ್ ಎನ್‌ಕ್ಲೇವ್, ಜಿಎಂಸಿ ಅಕೇಡಿಯಾ, ಶೆವ್ರೊಲೆ ಟ್ರಾವರ್ಸ್, ಸ್ಯಾಟರ್ನ್ ಔಟ್‌ಲುಕ್ ಮಾದರಿಗಳ ಏಳೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಸಿತು. ಕಾರಣ, ಹಿಂಬಾಗಿಲಿನ ಗ್ಯಾಸ್ ಶಾಕ್‌ಗಳು ಅವಧಿಗೆ ಮೊದಲೇ ಸವೆದು ಬಾಗಿಲು ಜನರ ಮೇಲೆ ಬೀಳುತ್ತಿತ್ತು. 56 ಮಂದಿಗೆ ಗಾಯವಾದದ್ದು ವರದಿಯಾಗಿತ್ತು. ಅವು ಮೋಟಾರಿನಿಂದ ತೆರೆಯುವ ಬಾಗಿಲುಗಳು. ಬಾಗಿಲು ಬೀಳತೊಡಗಿದರೆ ತಡೆಯಲೆಂದೇ ಸಾಫ್ಟ್‌ವೇರ್ ಇತ್ತು, ಅದಕ್ಕೂ ಸವೆದ ಶಾಕನ್ನು ಹೊತ್ತಿಗೆ ಸರಿಯಾಗಿ ಗುರುತಿಸಲು ಆಗಲಿಲ್ಲ. ನಮ್ಮ ಓಮ್ನಿಗೆ ಮೋಟಾರೂ ಇಲ್ಲ, ಸಾಫ್ಟ್‌ವೇರೂ ಇಲ್ಲ.

ನಮ್ಮ ಕಡೆ ಶಾಕ್ ಬೇಗ ಸಾಯಲು ಕಾರಣಗಳು ಹೆಚ್ಚೇ ಇವೆ. ಹೊಳೆದಂಡೆಯ ಮರಳು, ಎರೆಹೊಲದ ಧೂಳು ಕಡ್ಡಿಯ ಮೇಲೆ ಕೂರುತ್ತವೆ. ಬಾಗಿಲು ಮುಚ್ಚಿದಾಗ ಕಡ್ಡಿ ಒಳಗೆ ಹೋಗಿ ಆ ಕಣಗಳು ಸೀಲನ್ನು ಉಜ್ಜುತ್ತವೆ. ಡೆಂಟಿಂಗ್ ಪೇಂಟಿಂಗ್ ಮಾಡುವಾಗ ಕಡ್ಡಿಗೆ ಕಾಗದ ಸುತ್ತದೆ ಬಣ್ಣ ಹೊಡೆದರೆ ಒಣಗಿದ ಬಣ್ಣ ಅದೇ ಕೆಲಸ ಮಾಡುತ್ತದೆ. ಬಾಗಿಲು ನಿಲ್ಲಲೆಂದು ಕಡ್ಡಿಗೆ ವೈಸ್ ಗ್ರಿಪ್ ಕಚ್ಚಿಸುವ ಜಾಣರಿದ್ದಾರೆ. ಆ ಹಲ್ಲಿನ ಗುರುತು ಒಮ್ಮೆ ಸೀಲಿನೊಳಗೆ ಹೋಗಿಬಂದರೆ ಉಳಿದ ಅನಿಲದ ಕಥೆಯೂ ಮುಗಿಯಿತು. ಬಾಗಿಲಿಗೆ ಏಣಿ, ಸ್ಪೀಕರ್, ಬೋರ್ಡು ಬಿಗಿಸಿದವರು ಶಾಕಿನ ಲೆಕ್ಕವನ್ನೇ ಕೆಡಿಸಿರುತ್ತಾರೆ. ಇದರ ಮೇಲೆ ಆಷಾಢದ ಗಾಳಿ. ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಗಂಟೆಗೆ 36 ಕಿಲೋಮೀಟರ್ ಗಾಳಿ ಒಂದು ಚದರ ಮೀಟರ್ ತಗಡನ್ನು ಸುಮಾರು 60 ನ್ಯೂಟನ್ ಬಲದಲ್ಲಿ ನೂಕುತ್ತದೆ, ಅಂದರೆ ಆರು ಕಿಲೋ ಭಾರ. ಕಷ್ಟಪಟ್ಟು ನಿಂತ 15 ಕಿಲೋ ಬಾಗಿಲನ್ನು ಬೀಳಿಸಲು ಅಷ್ಟು ಬೇಕಾದದ್ದಕ್ಕಿಂತ ಹೆಚ್ಚು.

ಮಾರುತಿ ಕಂಪನಿ ಓಮ್ನಿ ತಯಾರಿಸುವುದನ್ನು 2019ರಲ್ಲಿ ನಿಲ್ಲಿಸಿತು. ರಸ್ತೆಯಲ್ಲಿರುವ ಒಂದೊಂದು ಓಮ್ನಿಯೂ ಇನ್ನು ಮುದಿಯಾಗುವುದೇ ಹೊರತು ಹೊಸದು ಬರುವುದಿಲ್ಲ. ಪಟ್ಟಣದಲ್ಲಿ ಹತ್ತು ಹನ್ನೆರಡು ವರ್ಷ ದುಡಿದು ಸೆಕೆಂಡ್ ಹ್ಯಾಂಡ್ ಆಗಿ ಹಳ್ಳಿಗೆ ಬರುವ ಗಾಡಿಯ ಟೈರು, ಬ್ಯಾಟರಿ, ಇಂಜಿನ್ ಸದ್ದು ನೋಡಿ ಚೌಕಾಸಿ ಮಾಡುತ್ತಾರೆ. ಶಾಕ್ ಕೇಳುವವರು ಕಡಿಮೆ. ಓಮ್ನಿ, ಈಕೋಗಳನ್ನು ಆಂಬುಲೆನ್ಸ್ ಮಾಡಿಕೊಂಡವರೂ ಇದ್ದಾರೆ. ಸ್ಟ್ರೆಚರ್ ಅರ್ಧ ಒಳಗೆ, ಅರ್ಧ ಹೊರಗೆ ಇರುವಾಗ ಅದನ್ನು ಹಿಡಿದವರ ಎರಡು ಕೈಯೂ ಖಾಲಿ ಇರುವುದಿಲ್ಲ. ಬೀಳುವ ಬಾಗಿಲನ್ನು ತಡೆಯುವವರು ಯಾರು?

ಪರೀಕ್ಷೆಗೆ ಖರ್ಚಿಲ್ಲ. ಬೆಳಗಿನ ತಂಪಿನಲ್ಲಿ ಬಾಗಿಲನ್ನು ಅಂಚು ಹಿಡಿದು ಮೆಲ್ಲಗೆ ಇಳಿಸುತ್ತಾ, ಎಲ್ಲಿ ಅದು ಏರುವುದನ್ನು ಬಿಟ್ಟು ಇಳಿಯಲು ಎಳೆಯುತ್ತದೋ ನೋಡಿ. ನೆಲದಿಂದ ಆ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಎರಡು ಮೂರು ತಿಂಗಳ ಮೇಲೆ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಏರುತ್ತಿದ್ದರೆ ಅನಿಲ ಸೋರುತ್ತಿದೆ. ಕಡ್ಡಿಯ ಮೇಲೆ ಎಣ್ಣೆಯ ಪಸೆ ಕಂಡರಂತೂ ಅಳತೆಗೆ ಕಾಯಬೇಡಿ.

ಬದಲಿಸುವುದು ಮನೆಯಲ್ಲೇ ಆಗುವ ಕೆಲಸ, ಒಬ್ಬರೇ ಮಾಡುವ ಕೆಲಸವಲ್ಲ. ಹಳೆಯ ಕೊಳವೆಯ ಮೇಲಿನ ಪಾರ್ಟ್ ನಂಬರ್, ನ್ಯೂಟನ್ ಸಂಖ್ಯೆ ನೋಡಿ ಅದೇ ಉದ್ದದ, ಅದೇ ಬಲದ ಜೋಡಿ ತನ್ನಿ. ಹೆಚ್ಚು ನ್ಯೂಟನ್ ಇದ್ದರೆ ಒಳ್ಳೆಯದೆಂದು ತಂದರೆ ಬಾಗಿಲು ಚಿಮ್ಮಿ ಗಲ್ಲಕ್ಕೆ ಬಡಿಯುತ್ತದೆ, ಹಿಂಜು ಬಾಗುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಬಾಗಿಲನ್ನು ಪೂರ್ತಿ ತೆರೆದು, ಗಾಡಿಯ ಗಟ್ಟಿ ನೆಲಕ್ಕೆ ಊರುವಂತೆ ದಪ್ಪ ಮರದ ಆನಿಕೆ ಕೊಡಿ, ಪ್ಲಾಸ್ಟಿಕ್ ಬಂಪರಿನ ಮೇಲೆ ಬೇಡ. ಇನ್ನೊಬ್ಬರು ಎರಡೂ ಕೈಯಲ್ಲಿ ಬಾಗಿಲು ಹಿಡಿದಿರಲಿ. ಶಾಕಿನ ತುದಿಯಲ್ಲಿ ಗುಂಡಿನ ಜಾಯಿಂಟ್ ಇದ್ದರೆ ಅದರ ತಂತಿಯ ಕ್ಲಿಪ್ಪನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ತುಸು ಮೀಟಿ ಎಳೆದರೆ ಕಳಚುತ್ತದೆ, ಕ್ಲಿಪ್ಪನ್ನು ಪೂರಾ ಕಿತ್ತು ತೆಗೆಯಬೇಕಿಲ್ಲ. ಬೋಲ್ಟ್ ಇದ್ದರೆ ಪಾನಾ ಸಾಕು. ಒಂದು ಹಳೆಯದು ತೆಗೆದು ಒಂದು ಹೊಸದು ಕೂರಿಸಿ, ಟಕ್ ಎಂದ ಮೇಲೆ ಜಗ್ಗಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಬಾಗಿಲು ಮುಚ್ಚಿದಾಗ ಕಡ್ಡಿ ಕೆಳಮುಖವಾಗಿ, ದಪ್ಪ ಕೊಳವೆ ಮೇಲೆ ಬರುವಂತೆ ಇರಬೇಕು. ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗಲು ಬಿಡುವುದಿಲ್ಲ. ತಲೆಕೆಳಗು ಕೂರಿಸಿದ ಶಾಕ್ ಅಂದೇ ಕೆಡುವುದಿಲ್ಲ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಕಳಚಿದ ಹಳೆಯ ಶಾಕ್ ಖಾಲಿ ಎಂದುಕೊಳ್ಳಬೇಡಿ. 80 ಬಾರ್‌ನಲ್ಲಿ ಕಾಲು ಭಾಗ ಸೋರಿದರೂ ಬಾಗಿಲು ಬೀಳುತ್ತದೆ, ಒಳಗೆ ಮಾತ್ರ 60 ಬಾರ್ ಉಳಿದಿರುತ್ತದೆ. ಅದನ್ನು ಗರಗಸದಿಂದ ಕೊಯ್ಯುವುದು, ಕೊರೆಯುವುದು, ವೆಲ್ಡಿಂಗ್ ಹಚ್ಚುವುದು, ಕಸದ ಜೊತೆ ಬೆಂಕಿಗೆ ಹಾಕುವುದು ಜೀವಕ್ಕೆ ಎರವಾಗಬಹುದು. ಕಾರಿಗೆ ಬೆಂಕಿ ಬಿದ್ದಾಗ ಈ ಕೊಳವೆಗಳು ಸಿಡಿದು ಹಾರಿ ಅಗ್ನಿಶಾಮಕ ಸಿಬ್ಬಂದಿಗೇ ಗಾಯವಾದ ಉದಾಹರಣೆಗಳಿವೆ. ಗುಜರಿಗೆ ಕೊಡುವಾಗ ಒಳಗೆ ಗ್ಯಾಸ್ ಇದೆ ಎಂದು ಬಾಯಿಬಿಟ್ಟು ಹೇಳಿ. ಹಳೆಯ ಕೊಳವೆಗೆ ತೂತು ಕೊರೆದು, ವಾಲ್ವ್ ಬೆಸೆದು ಮತ್ತೆ ಗ್ಯಾಸ್ ತುಂಬಿಕೊಡುವ ಅಂಗಡಿಗಳೂ ಇವೆ. ಸವೆದ ಸೀಲ್ ಹಾಗೇ ಇರುತ್ತದೆ, ಹೊಸ ಬೆಸುಗೆ ಎಷ್ಟು ಒತ್ತಡ ತಾಳುತ್ತದೆಂದು ಅಳೆದವರಿಲ್ಲ. ಅಂಥ ಶಾಕ್ ಅಗ್ಗಕ್ಕೆ ಸಿಕ್ಕರೂ ಬೇಡ. ಹೊಸ ಜೋಡಿಗೆ ಬೀಳುವ ಖರ್ಚು ಒಂದು ಟೈರಿನ ಬೆಲೆಗಿಂತ ಕಡಿಮೆ. ಚಳಿ ಬೀಳುವ ಮೊದಲೇ ಎರಡನ್ನೂ ಒಟ್ಟಿಗೆ ಹಾಕಿಸಿ, ಅಲ್ಲಿಯ ತನಕ ಆ ಬಾಗಿಲ ಕೆಳಗೆ ಮಕ್ಕಳನ್ನು ನಿಲ್ಲಲು ಬಿಡಬೇಡಿ.