ಬದುಕಿದ್ದು ಹೇಗೆ ಎಂದು ಕೇಳಿದ ಪೈಲಟ್

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿದ್ದು ಉರಿದುಹೋಯಿತು. ಒಳಗಿದ್ದ 242 ಮಂದಿಯಲ್ಲಿ ಉಳಿದವರು ಒಬ್ಬರೇ. ಅವರು ಕುಳಿತಿದ್ದದ್ದು 11ಎ ಸೀಟಿನಲ್ಲಿ. ಟಿಕೆಟ್ ಮಾಡಿಸುವಾಗ 11ಎ ಸೀಟನ್ನೇ ಕೇಳಿ ಪಡೆಯಬೇಕೇ ಎಂದು ಆಮೇಲೆ ಅನೇಕರು ವಿಚಾರಿಸಿದರು.

ಆ ಸಂಖ್ಯೆಯಲ್ಲಿ ಏನೂ ಇಲ್ಲ. ಒಂದು ವಿಮಾನದಲ್ಲಿ ತುರ್ತು ಬಾಗಿಲ ಪಕ್ಕಕ್ಕೆ ಬರುವ 11ನೇ ಸಾಲು, ಮತ್ತೊಂದು ಮಾದರಿಯಲ್ಲಿ ಬೇರೆಲ್ಲೋ ಇರುತ್ತದೆ. ಆದರೆ ಅದೃಷ್ಟ, ಪವಾಡ ಎಂದು ಕೈಮುಗಿದು ಸುಮ್ಮನಾಗದೆ ‘ಹೇಗೆ ಬದುಕಿದರು’ ಎಂದು ಕೇಳುವುದು ಸರಿಯಾದ ದಾರಿ. ಆ ಪ್ರಶ್ನೆಯನ್ನು ಹಿಡಿದು ತನ್ನ ಬಾಳಿನ ಬಹುಪಾಲನ್ನು ಕಳೆದ ಒಬ್ಬ ಮಾಜಿ ಸೈನಿಕನಿದ್ದ. ಹೆಸರು ಹ್ಯೂ ಡಿಹೇವನ್. ಇಂದು ವಿಮಾನದಲ್ಲೋ ಕಾರಿನಲ್ಲೋ ಕೂರುವ ಪ್ರತಿಯೊಬ್ಬರೂ ಅವನಿಗೆ ಋಣಿಗಳು. ಆದರೂ ಅವನ ಹೆಸರು ಬಲ್ಲವರು ಕಡಿಮೆ.

1895ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡಿಹೇವನ್, ಮೊದಲ ಮಹಾಯುದ್ಧದ ಕಾಲದಲ್ಲಿ ಕೆನಡಾಕ್ಕೆ ಹೋಗಿ ಬ್ರಿಟಿಷರ ರಾಯಲ್ ಫ್ಲೈಯಿಂಗ್ ಕೋರ್ ಸೇರಿದ. ತರಬೇತಿಯ ಹಾರಾಟದಲ್ಲಿ ಅವನ ವಿಮಾನಕ್ಕೆ ಆಕಾಶದಲ್ಲೇ ಮತ್ತೊಂದು ವಿಮಾನ ಢಿಕ್ಕಿ ಹೊಡೆಯಿತು. ನೆಲಕ್ಕೆ ಬಿದ್ದರೂ ಅವನು ಉಳಿದುಕೊಂಡ. ಪಿತ್ತಜನಕಾಂಗ, ಪಿತ್ತಕೋಶ, ಮೇದೋಜೀರಕ ಗ್ರಂಥಿ ಎಲ್ಲಕ್ಕೂ ಪೆಟ್ಟಾಗಿತ್ತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನಿಗೆ ಎರಡು ಸಂಗತಿ ಹೊಳೆದವು. ತಾನು ಕುಳಿತಿದ್ದ ಕಾಕ್‌ಪಿಟ್ ನಜ್ಜುಗುಜ್ಜಾಗದೆ ಉಳಿದಿತ್ತು, ಅದರಿಂದಲೇ ಜೀವ ಉಳಿಯಿತು. ಹೊಟ್ಟೆಯೊಳಗಿನ ಗಾಯಗಳಿಗೆ ಕಾರಣವಾಗಿದ್ದು ತನ್ನನ್ನು ಕಾಪಾಡಬೇಕಿದ್ದ ಬೆಲ್ಟಿನ ಚೂಪು ಬಕಲ್. ಅಂದಮೇಲೆ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ಬರೀ ಹಣೆಬರಹವಲ್ಲ. ಅದರಲ್ಲಿ ಕಬ್ಬಿಣ, ಮರ, ಬಟ್ಟೆಗಳ ಪಾತ್ರವೂ ಇದೆ, ಅವುಗಳನ್ನು ಜೋಡಿಸಿದವರ ಪಾತ್ರವೂ ಇದೆ.

ಈ ಮಾತನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಮಾನ ಬಿದ್ದರೆ ಸಾವು ಖಚಿತ, ಆದ್ದರಿಂದ ಬೀಳದಂತೆ ನೋಡಿಕೊಂಡರೆ ಸಾಕು ಎಂಬುದು ತಜ್ಞರ ನಂಬಿಕೆಯಾಗಿತ್ತು. ಡಿಹೇವನ್ ಬೇರೆ ಉದ್ಯೋಗ ಹಿಡಿದು, ಯಂತ್ರಗಳನ್ನು ಕಂಡುಹಿಡಿದು ಹಣ ಗಳಿಸಿ, ಆಮೇಲೆ ತನ್ನ ಹಳೆಯ ಪ್ರಶ್ನೆಗೆ ಮರಳಿದ. ಎತ್ತರದಿಂದ ಬಿದ್ದೂ ಬದುಕಿದವರ ಪ್ರಕರಣಗಳನ್ನು ಹುಡುಕತೊಡಗಿದ. 1942ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ 50ರಿಂದ 150 ಅಡಿ ಎತ್ತರದಿಂದ ಬಿದ್ದವರ ವಿವರಗಳಿವೆ. ಒಬ್ಬ ಮಹಿಳೆ 17ನೇ ಮಹಡಿಯಿಂದ, ಅಂದರೆ 144 ಅಡಿ ಮೇಲಿನಿಂದ, ಗಾಳಿ ಸಂಚಾರಕ್ಕೆಂದು ಮಾಡಿದ್ದ ಲೋಹದ ಪೆಟ್ಟಿಗೆಯೊಂದರ ಮೇಲೆ ಬಿದ್ದಿದ್ದರು. ಪೆಟ್ಟಿಗೆ 12ರಿಂದ 18 ಅಂಗುಲದಷ್ಟು ಕುಸಿದಿತ್ತು. ಕೈಯ ಮೂಳೆಗಳು ಮುರಿದವು, ಪ್ರಜ್ಞೆ ಮಾತ್ರ ತಪ್ಪಲಿಲ್ಲ. ಎದ್ದು ಕೂತು, ತನ್ನನ್ನು ಕೋಣೆಗೆ ಕರೆದೊಯ್ಯಿರಿ ಎಂದು ಕೇಳಿದರಂತೆ.

ಇದರ ಲೆಕ್ಕ ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದಷ್ಟು ಸರಳ. ಬಿದ್ದ ಎತ್ತರವನ್ನು ನಿಲ್ಲುವಾಗ ಕುಸಿದ ದೂರದಿಂದ ಭಾಗಿಸಿದರೆ, ದೇಹದ ಮೇಲೆ ಗುರುತ್ವದ ಎಷ್ಟು ಪಟ್ಟು ಹೊರೆ ಬಿತ್ತು ಎಂಬ ಅಂದಾಜು ಸಿಗುತ್ತದೆ. 144 ಅಡಿಗೆ 18 ಅಂಗುಲವಾದರೆ 96 ಪಟ್ಟು, 12 ಅಂಗುಲವಾದರೆ 144 ಪಟ್ಟು. ಕಾಂಕ್ರೀಟಿನ ಮೇಲೆ ಬಿದ್ದಿದ್ದರೆ ಕುಸಿತ ಅಂಗುಲವೂ ಇರುತ್ತಿರಲಿಲ್ಲ, ಹೊರೆ ಸಾವಿರಾರು ಪಟ್ಟು ಏರುತ್ತಿತ್ತು. ಜೀವ ತೆಗೆಯುವುದು ವೇಗವಲ್ಲ, ಆ ವೇಗ ಎಷ್ಟು ಗಿಡ್ಡ ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದು. ಬಲ ದೇಹದ ಉದ್ದಕ್ಕೆ ಅಡ್ಡವಾಗಿ ಬಿದ್ದರೆ, ಅರೆಕ್ಷಣದ ಮಟ್ಟಿಗೆ ಮನುಷ್ಯ 200 ಪಟ್ಟು ಹೊರೆಯನ್ನೂ ತಾಳಬಲ್ಲ ಎಂದು ಡಿಹೇವನ್ ತೀರ್ಮಾನಿಸಿದ. ಅದೇ ವರ್ಷ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅಪಘಾತದ ಗಾಯಗಳ ಸಂಶೋಧನಾ ಯೋಜನೆ ಅವನ ಮುಂದಾಳತ್ವದಲ್ಲಿ ಶುರುವಾಯಿತು.

ನನಗೆ ತುಂಬ ಇಷ್ಟವಾದದ್ದು ಅವನ ಮೊಟ್ಟೆಯ ಪ್ರಯೋಗ. ಅಡುಗೆಮನೆಯಲ್ಲಿ ನಿಂತು, ಮೆತ್ತನೆಯ ಹಾಸಿನ ಮೇಲೆ ಮೊಟ್ಟೆಗಳನ್ನು ಬೀಳಿಸಿ ಯಾವುದು ಒಡೆಯುತ್ತದೆ, ಯಾವುದು ಉಳಿಯುತ್ತದೆ ಎಂದು ಅವನು ನೋಡುತ್ತಿದ್ದ. ಮೊಟ್ಟೆಯನ್ನು ದೂರದೂರಿಗೆ ಕಳಿಸುವವರು ಏನು ಮಾಡುತ್ತಾರೆ? ಪೆಟ್ಟಿಗೆ ಬಾಯಿಬಿಡದಂತೆ, ಚಪ್ಪಟೆಯಾಗದಂತೆ ಗಟ್ಟಿ ಮಾಡುತ್ತಾರೆ. ಹೊರಗಿನ ಪದರ ತಾನು ಕುಸಿದು ಪೆಟ್ಟನ್ನು ನುಂಗಲಿ ಎಂದು ಹುಲ್ಲೋ ಹೊಟ್ಟೋ ತುಂಬುತ್ತಾರೆ. ಒಳಗಿನ ಮೊಟ್ಟೆ ಆಚೀಚೆ ಹೊರಳದಂತೆ ಗೂಡಿನಲ್ಲಿ ಕೂರಿಸುತ್ತಾರೆ. ಆ ಗೂಡು ಮೊಟ್ಟೆಯ ಗಟ್ಟಿ ಭಾಗವನ್ನೇ ಹಿಡಿದಿರಬೇಕು, ಒಂದೇ ಬಿಂದುವಿನಲ್ಲಿ ಒತ್ತಬಾರದು. ಈ ನಾಲ್ಕು ನಿಯಮಗಳನ್ನು ವಿಮಾನಕ್ಕೂ ಕಾರಿಗೂ ಏಕೆ ಅನ್ವಯಿಸಿಲ್ಲ ಎಂದು ಅವನು ಎಂಜಿನಿಯರುಗಳನ್ನು ಕೇಳಿದ. ಮೊಟ್ಟೆಗೆ ತೋರುವಷ್ಟು ಕಾಳಜಿಯನ್ನೂ ಆಗ ಪ್ರಯಾಣಿಕರಿಗೆ ಯಾರೂ ತೋರಿಸುತ್ತಿರಲಿಲ್ಲ.

ಮೊದಲು ಓಗೊಟ್ಟದ್ದು ಹೊಲಗಳಿಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನಗಳು. 1950ರಲ್ಲಿ ಫ್ರೆಡ್ ವೈಕ್ ಟೆಕ್ಸಾಸಿನಲ್ಲಿ ರೂಪಿಸಿದ ಎಜಿ-1 ವಿಮಾನದಲ್ಲಿ ಪೈಲಟ್ ಎತ್ತರದಲ್ಲಿ, ಹಿಂದಕ್ಕೆ ಸರಿದು ಕೂರುತ್ತಿದ್ದ. ಮುಂದಿನ ಉದ್ದ ಮೂತಿ ಮೊದಲು ಮುರಿಯಲಿ ಎಂಬುದು ಅದರ ಹಿಂದಿನ ಲೆಕ್ಕ. 1955ರಲ್ಲಿ ರೋಜರ್ ಗ್ರಿಸ್ವೋಲ್ಡ್ ಮತ್ತು ಡಿಹೇವನ್ ಇಬ್ಬರಿಗೂ ಸೊಂಟ ಮತ್ತು ಭುಜ ಎರಡನ್ನೂ ಹಿಡಿಯುವ ಬೆಲ್ಟಿನ ಪೇಟೆಂಟ್ ಸಿಕ್ಕಿತು. ಇಂದಿನ ಕಾರುಗಳಲ್ಲಿರುವ ಮಾದರಿಯನ್ನು ವೋಲ್ವೊದ ನಿಲ್ಸ್ ಬೊಹ್ಲಿನ್ 1959ರಲ್ಲಿ ತಂದ. ಮನುಷ್ಯದೇಹದ ತಾಳಿಕೆಯನ್ನು ತನ್ನ ಮೈಮೇಲೇ ಪರೀಕ್ಷಿಸಿದವನು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್. 1954ರ ಡಿಸೆಂಬರ್ 10ರಂದು ರಾಕೆಟ್ ಬಂಡಿಯಲ್ಲಿ ಗಂಟೆಗೆ 1,017 ಕಿ.ಮೀ. ವೇಗದಲ್ಲಿ ಹೋಗಿ, 1.4 ಸೆಕೆಂಡಿನಲ್ಲಿ ನಿಂತು, ಗುರುತ್ವದ 46 ಪಟ್ಟು ಹೊರೆಯನ್ನು ತಡೆದುಕೊಂಡ.

ಪ್ರಯಾಣಿಕರ ವಿಮಾನಗಳ ನಿಯಮಗಳು ಬದಲಾದದ್ದು ಬಹಳ ತಡವಾಗಿ. ಹೊಸ ಮಾದರಿಯ ವಿಮಾನಗಳ ಸೀಟುಗಳು ಢಿಕ್ಕಿಯ ಪರೀಕ್ಷೆಯಲ್ಲಿ ಗುರುತ್ವದ 16 ಪಟ್ಟು ಹೊರೆಗೆ ನಿಲ್ಲಬೇಕೆಂದು ಅಮೆರಿಕ ಕಡ್ಡಾಯ ಮಾಡಿದ್ದು 1988ರಲ್ಲಿ. ಅದನ್ನು ನೋಡಲು ಡಿಹೇವನ್ ಇರಲಿಲ್ಲ, 1980ರಲ್ಲೇ ತೀರಿಕೊಂಡಿದ್ದ.

ಎಲ್ಲ ಅಪಘಾತಗಳಿಗೂ ಮೊಟ್ಟೆಯ ಆ ನಾಲ್ಕು ನಿಯಮಗಳೇ ಉತ್ತರವಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಕಣಿವೆಗೆ ಜಾರಿದಾಗ 158 ಮಂದಿ ಸತ್ತರು, 8 ಮಂದಿ ಉಳಿದರು. ಉಳಿದವರು ಹೊರಬಂದದ್ದು ಮುರಿದ ಒಡಲಿನ ಸಂದಿಯಿಂದ. ಪೆಟ್ಟಿಗೆ ಬಾಯಿಬಿಡಬಾರದು ಎಂಬುದು ಡಿಹೇವನ್‌ನ ಮೊದಲ ನಿಯಮ. ಆದರೆ ಇಂಧನ ಹೊತ್ತಿಕೊಂಡ ಮೇಲೆ ಅದೇ ಬಿರುಕು ಬಾಗಿಲಾಗುತ್ತದೆ. ಅಹಮದಾಬಾದಿನಲ್ಲಿ ಉಳಿದ ಆ ಒಬ್ಬರೂ ತಾವು ಒಡೆದ ಜಾಗದಿಂದಲೇ ಹೊರಬಂದದ್ದಾಗಿ ಹೇಳಿದ್ದಾರೆ. ಹೊಡೆತವನ್ನು ತಾಳಿದರೂ ಬೆಂಕಿಗೆ ಮುಂಚೆ ಹೊರಬರಬೇಕು. ಆದ್ದರಿಂದ ಸೀಟಿನ ಸಂಖ್ಯೆಗಿಂತ ಬಾಗಿಲಿಗೆ ಎಷ್ಟು ಸಾಲು ಎಂಬ ಎಣಿಕೆ ಮುಖ್ಯ.

ಮುಂದಿನ ಸಲ ವಿಮಾನ ಹತ್ತಿದಾಗ ಆ ಸಾಲುಗಳನ್ನು ಎಣಿಸಿಕೊಳ್ಳಿ. ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಕೆಳಗೆ ಸೊಂಟದ ಮೂಳೆಗಳ ಮೇಲೆ, ಸಡಿಲವಿಲ್ಲದಂತೆ ಬಿಗಿದುಕೊಳ್ಳಿ. ಕಾರಿನ ಹಿಂದಿನ ಸೀಟಿನಲ್ಲೂ ಹಾಗೆಯೇ ಮಾಡಿ.